ಮಣ್ಣಲ್ಲ, ಮನುಷ್ಯನೇ ಬಂಡವಾಳ



ಜಾಗತಿಕ ಪೈಪೋಟಿಯಲ್ಲಿ ರಾಷ್ಟ್ರವೊಂದು ಯಾವುದರ ಬಲದಿಂದ ನಿಂತೀತು? ನಮ್ಮ ಜಿಲ್ಲೆ ಮಣ್ಣನ್ನೇ ಮಾರಿ ನೋಡಿದೆ. ಈ ಶತಮಾನದ ಆರಂಭದಲ್ಲಿ ಬಳ್ಳಾರಿಯ ಅದಿರು ಚೀನಾಕ್ಕೆ ಹರಿಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆದಾಗ ಲಾರಿಗಳೊಡನೆ ಬಡವರ ಕೂಲಿಯೂ ನಿಂತಿತು. ನಗರದ ಜೀನ್ಸ್ ಉದ್ಯಮವಾದರೋ ಹೊಲಿಯುವ ಕೈಗಳ ಕುಶಲತೆಯಿಂದಲೇ ಹೆಸರು ಗಳಿಸಿತು.

ಭಾರತವು ತನ್ನ ಆರ್ಥಿಕತೆಯ ಬಾಗಿಲು ತೆರೆದ 1991ರಲ್ಲೇ ಜಗದ್ಗುರು ಎರಡನೆಯ ಜಾನ್ ಪಾಲರು ತಮ್ಮ ‘ಚೆಂತೆಸಿಮುಸ್ ಆನ್ನುಸ್’ ವಿಶ್ವಪತ್ರದಲ್ಲಿ, ಭೂಮಿ ಬಂಡವಾಳಗಳಿಗಿಂತ ಮನುಷ್ಯನ ಜ್ಞಾನವೇ ನಿರ್ಣಾಯಕವಾಗುತ್ತಿದೆಯೆಂದು ಬೋಧಿಸಿದರು.

ಹಾಗಿರುವಾಗ, ಸಿರುಗುಪ್ಪ, ಕುರುಗೋಡುಗಳ ಹೊಲಗಳಲ್ಲಿ ಹತ್ತಿ ಬಿಡಿಸಲೆಂದು ಮಗುವಿಗೆ ಶಾಲೆ ಬಿಡಿಸಿದರೆ ನಾಳಿನ ಬಂಡವಾಳವನ್ನೇ ಅಗ್ಗಕ್ಕೆ ಮಾರಿದಂತೆ. ದೋಷ ತಾಯಿತಂದೆಯರದ್ದು ಮಾತ್ರವಲ್ಲ: ಹಿರಿಯರಿಗೆ ನ್ಯಾಯವಾದ ಕೂಲಿ ದೊರೆತರಷ್ಟೇ ಮಗು ತರಗತಿಯಲ್ಲಿ ಉಳಿದೀತು. ಕೂಲಿ ಕೊಡುವ ಕುಟುಂಬಗಳೂ ನಮ್ಮಲ್ಲಿವೆ. ಲೆಕ್ಕ ಅಲ್ಲಿಂದಲೇ ಆರಂಭವಾಗಲಿ.