ಪ್ರವಾಸದಲ್ಲಿ ಉಮ್ಮನಿಗೂ ರಜೆ ಇರಲಿ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ನಮ್ಮ ಮನೆಗಳಲ್ಲಿ ಟೆಂಪೊ ಟ್ರಾವೆಲರ್‌ನ ಲೆಕ್ಕಾಚಾರ ಶುರು. ಎರಡು ಮೂರು ಕುಟುಂಬ ಸೇರಿ ಬಾಡಿಗೆ ಹಂಚಿಕೊಳ್ಳುವುದು, ಒಲೆ, ಪಾತ್ರೆ, ಚಾಪೆ, ಮುಸಲ್ಲ ತುಂಬಿಸಿ ಹೊರಡುವುದು. ಮಲಗಲು ಜಾಗ, ಅಡುಗೆ ಮೂಲೆ, ಶೌಚಾಲಯ ಎಲ್ಲವೂ ಗಾಡಿಯೊಳಗೇ ಇರುವ ಕ್ಯಾರವಾನ್ ಪ್ರವಾಸಕ್ಕೆ ಕೇರಳ ಸರ್ಕಾರ 2021ರಲ್ಲಿ ನೀತಿಯನ್ನೇ ತಂದಿತು. ಅದು ಎಲ್ಲರ ಜೇಬಿಗೆ ನಿಲುಕದು. ಆದರೆ ಕಾರವಾನ್ ಅಂದರೆ ಮೂಲದಲ್ಲಿ ಒಟ್ಟಾಗಿ ಹೋಗುವ ಪಯಣಿಗರ ತಂಡ. ಕುರೈಶರ ಚಳಿಗಾಲ, ಬೇಸಿಗೆಯ ಪಯಣಗಳ ಪ್ರಸ್ತಾಪ ಕುರ್‌ಆನ್‌ನಲ್ಲೇ ಇದೆ. ಆ ಲೆಕ್ಕದಲ್ಲಿ ನಮ್ಮ ಟೆಂಪೊ ಕೂಡ ಕಾರವಾನೇ.

ಝಿಯಾರತ್‌ಗೆಂದು ದೂರ ದೂರ ಹೋಗುವ ನಾವು ಮಾಗಡಿಯ ಸಾವನದುರ್ಗಕ್ಕೂ ಒಮ್ಮೆ ಹೋಗಬೇಕು. ಶಿರಾಡಿ ಘಾಟಿ ಹತ್ತಿ, ಹಾಸನ, ಕುಣಿಗಲ್ ದಾಟಿದರೆ ಮಾಗಡಿ. ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದ ಈ ಏಕಶಿಲಾ ಬೆಟ್ಟ ಏಷ್ಯಾದ ದೊಡ್ಡ ಬಂಡೆಗಳಲ್ಲಿ ಒಂದು. ಟಿಪ್ಪು ಸುಲ್ತಾನರ ಸೈನ್ಯ ಕಾಯುತ್ತಿದ್ದ ಈ ಕೋಟೆಯನ್ನು 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಪಡೆ ವಶಪಡಿಸಿಕೊಂಡಿತು. ಬುಡದಲ್ಲಿ ವೀರಭದ್ರ, ನರಸಿಂಹ ದೇವಾಲಯಗಳಿವೆ, ದರ್ಗಾವೂ ಇದೆ. ಪಠ್ಯದಲ್ಲಿ ಓದಿದ್ದನ್ನು ಮಕ್ಕಳು ಕಣ್ಣಾರೆ ನೋಡಲಿ.

ಆದರೆ ನನ್ನ ಪ್ರಶ್ನೆ ಬೇರೆ. ಈ ಪ್ರವಾಸದಲ್ಲಿ ರಜೆ ಸಿಗುವುದು ಯಾರಿಗೆ? ಹೊರಡುವ ಹಿಂದಿನ ರಾತ್ರಿ ಪತ್ತಿರ್ ಸುಡುವವಳು ಉಮ್ಮ. ಗಾಡಿ ನಿಂತಲ್ಲಿ ಒಲೆ ಹಚ್ಚುವವಳೂ, ಪಾತ್ರೆ ತೊಳೆಯುವವಳೂ ಅವಳೇ. ಗಂಡಸರು ಫೋಟೊ ತೆಗೆಸಿಕೊಂಡು ಬರುವಷ್ಟರಲ್ಲಿ ಊಟ ರೆಡಿ ಇರಬೇಕು. ಅಡುಗೆಮನೆಯನ್ನು ಚಕ್ರದ ಮೇಲೆ ಇಟ್ಟರೆ ಅದನ್ನು ರಜೆ ಅನ್ನುವುದು ಹೇಗೆ?

ಇನ್ನೊಂದು ಸಂಕಟ, ದಾರಿಯಲ್ಲಿ ಹೆಂಗಸರಿಗೆ ಶುಚಿಯಾದ ಶೌಚಾಲಯ ಸಿಗದಿರುವುದು. ಅದೇ ಹೆದರಿಕೆಯಲ್ಲಿ ಎಷ್ಟೋ ಉಮ್ಮಂದಿರು ಬೆಳಗ್ಗಿನಿಂದ ನೀರೇ ಕುಡಿಯುವುದಿಲ್ಲ. ಕ್ಯಾರವಾನ್‌ನ ನಿಜವಾದ ಸುಖ ಅದರ ಮೆತ್ತನೆ ಹಾಸಿಗೆಯಲ್ಲಿಲ್ಲ, ಆ ಪುಟ್ಟ ಶೌಚಾಲಯದಲ್ಲಿದೆ. ಹೆದ್ದಾರಿ ಬದಿಯ ಮಸೀದಿಗಳ ಕಮಿಟಿಯವರು ಹೆಂಗಸರಿಗೆ ಪ್ರತ್ಯೇಕವಾಗಿ ವುಝೂ, ನಮಾಝ್‌ನ ಜಾಗ, ಒಂದು ಶೌಚಾಲಯ ಮಾಡಿಕೊಟ್ಟರೆ ಅದೂ ದೊಡ್ಡ ಸದಕ.

ಸಫರ್‌ನಲ್ಲಿ ಕಷ್ಟ ಆಗಬಾರದೆಂದೇ ಝುಹರ್, ಅಸರ್ ಸೇರಿಸಿ, ನಾಲ್ಕು ರಕಅತ್ ಎರಡಾಗಿಸುವ ರಿಯಾಯಿತಿ ನಮಗಿದೆ. ಅಲ್ಲಾಹು ಪಯಣಿಗರ ಭಾರ ಇಳಿಸಿರುವಾಗ ನಾವು ಮನೆಯವರ ಮೇಲೆ ಭಾರ ಹೇರುವುದೇಕೆ?

ಹಾಗಾಗಿ ಮುಂದಿನ ಸಲ ಒಂದು ಹೊತ್ತು ಹೋಟೆಲ್ ಊಟ ಆಗಲಿ, ಇನ್ನೊಂದು ಹೊತ್ತು ಗಂಡುಮಕ್ಕಳೇ ಬಡಿಸಿ, ಪಾತ್ರೆ ತೊಳೆಯಲಿ. ಕಾಡಂಚಿನಲ್ಲಿ ಬೆಂಕಿ ಹಚ್ಚುವುದು ಬೇಡ, ಪ್ಲಾಸ್ಟಿಕ್ ಬಿಟ್ಟು ಬರುವುದೂ ಬೇಡ. ಮಳೆಯಲ್ಲಿ ಆ ಬಂಡೆ ಜಾರುತ್ತದೆ, ಮಂಚನಬೆಲೆ ಜಲಾಶಯದ ನೀರಿಗಿಳಿಯುವುದು ಅಪಾಯ. ಬೆಟ್ಟ ಹತ್ತಲು ಹೆಣ್ಣುಮಕ್ಕಳನ್ನೂ ಕರೆಯಿರಿ. ಉಮ್ಮ ಕೆಳಗೆ ಮರದ ನೆರಳಲ್ಲಿ ಸುಮ್ಮನೆ ಕೂತು ಒಂದು ಲೋಟ ಚಾ ಕುಡಿಯಲಿ. ಆ ಚಾ ಬೇರೆ ಯಾರಾದರೂ ಮಾಡಿದ್ದಾಗಿರಲಿ.