ಒಂಟಿತನ ಆಕಾಶದಿಂದ ಉದುರುವುದಿಲ್ಲ

ಜಾನ್ ಸ್ಟೈನ್‌ಬೆಕ್ 1937ರಲ್ಲಿ ಬರೆದ ‘ಆಫ್ ಮೈಸ್ ಅಂಡ್ ಮೆನ್’ ಎಂಬ ಸಣ್ಣ ಕಾದಂಬರಿಯನ್ನು ನಮ್ಮ ಇಂಗ್ಲಿಷ್ ಮೇಷ್ಟ್ರುಗಳು ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾರೆ: ಒಂಟಿತನ, ಸ್ನೇಹ, ಕನಸು. ಗೈಡುಗಳಲ್ಲೂ ಇದೇ. ಹತ್ತು ಅಂಕಕ್ಕೆ ಬರುತ್ತೆ, ಉರು ಹೊಡೀರಿ. ಮನುಷ್ಯ ಮೂಲತಃ ಒಂಟಿ, ಕನಸು ಇರೋದೇ ಒಡೆಯೋಕೆ, ಇದು ಮಾನವಕುಲದ ವಿಧಿ, ಇತ್ಯಾದಿ. ಒಂದು ಕಾಲಕ್ಕೆ ನಮ್ಮ ನವ್ಯರು ಅನಾಥಪ್ರಜ್ಞೆ ಅಂತ ಊದಿದ ತುತ್ತೂರಿಯನ್ನೇ ಇವರೂ ಊದುತ್ತಿದ್ದಾರೆ. ಮೂರು ಹೊತ್ತು ಉಂಡು, ಸಂಜೆ ಕಾಫಿ ಕುಡಿಯುತ್ತ ಒಂಟಿಯಾಗುವ ಈ ಮಹನೀಯರಿಗೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯಿಂದ ನಾಲ್ಕು ಮಾತು ಹೇಳಬೇಕಾಗಿದೆ.

ಓದದವರಿಗಾಗಿ ಕಥೆ. ಕ್ಯಾಲಿಫೋರ್ನಿಯಾದ ಸೊಲೆದಾದ್ ಎಂಬ ಊರಿನ ಬಳಿ ಒಂದು ದೊಡ್ಡ ಜಮೀನು. ಸ್ಪ್ಯಾನಿಷ್ ನುಡಿಯಲ್ಲಿ ಆ ಊರ ಹೆಸರಿನ ಅರ್ಥವೇ ಒಂಟಿತನ. ಅಲ್ಲಿಗೆ ಜಾರ್ಜ್, ಲೆನಿ ಎಂಬ ಇಬ್ಬರು ಅಲೆಮಾರಿ ಕೂಲಿಗಳು ಬರುತ್ತಾರೆ. ಲೆನಿ ಆನೆಯಂಥ ಆಳು, ಬುದ್ಧಿ ಮಾತ್ರ ಮಗುವಿನದು. ಮೆತ್ತಗಿರೋದನ್ನ ಸವರೋದಂದ್ರೆ ಅವನಿಗೆ ಪ್ರಾಣ. ಸವರಿದ ಇಲಿ, ನಾಯಿಮರಿ ಅವನ ಕೈಯಲ್ಲೇ ಸಾಯುತ್ತವೆ. ತಿಂಗಳಿಗೆ 50 ಡಾಲರ್ ಸಂಬಳ, ಊಟ, ಮಲಗಲು ಜಾಗ. ಹತ್ತು ಎಕರೆ ಕೊಳ್ಳಬೇಕು, ಮೊಲ ಸಾಕಬೇಕು, ಯಾರ ಗದರಿಕೆಯೂ ಇಲ್ಲದೆ ಬದುಕಬೇಕು ಅನ್ನೋದು ಇಬ್ಬರ ಆಸೆ. ಬೆಲೆ 600 ಡಾಲರ್. ಮಾರುವವರು ಕೈ ಬರಿದಾದ ಮುದುಕ ಮುದುಕಿ. ಮುದುಕಿಗೆ ಆಪರೇಷನ್ ಆಗಬೇಕು. ಕೆಲಸದಲ್ಲಿ ಒಂದು ಕೈ ಕಳಕೊಂಡ ಕ್ಯಾಂಡಿ ಎಂಬ ಮುದಿ ಆಳು, ಆ ಕೈಗೆ ಸಿಕ್ಕ 250 ಡಾಲರ್ ಪರಿಹಾರವನ್ನೂ ಸೇರಿಸಿ 350 ಡಾಲರ್ ಹಾಕುತ್ತೇನೆ, ನನ್ನನ್ನೂ ಕರಕೊಳ್ಳಿ ಅನ್ನುತ್ತಾನೆ. ಕೊನೆಗೆ ಯಜಮಾನನ ಸೊಸೆ ಲೆನಿಯ ಕೈಯಲ್ಲಿ ಸಾಯುತ್ತಾಳೆ. ಗುಂಪು ಬಂದು ಅವನನ್ನು ಕೊಲ್ಲುವ ಮುಂಚೆ ಜಾರ್ಜನೇ ಗೆಳೆಯನಿಗೆ ಗುಂಡು ಹೊಡೆಯುತ್ತಾನೆ.

ಇದರಲ್ಲಿ ವಿಧಿ ಎಲ್ಲಿಂದ ಬಂತು ಸ್ವಾಮಿ? ಲೆಕ್ಕ ಹಾಕಿ ನೋಡಿ. 600 ಡಾಲರ್ ಅಂದರೆ ಒಬ್ಬ ಆಳಿನ ಒಂದು ವರ್ಷದ ಸಂಬಳ. ಒಂದು ವರ್ಷದ ಸಂಬಳಕ್ಕೆ ಹತ್ತು ಎಕರೆ! ನಮ್ಮ ರಾಜ್ಯದಲ್ಲಿ 2025-26ಕ್ಕೆ ಗೊತ್ತು ಮಾಡಿದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ; ನೂರು ದಿನ ತಪ್ಪದೆ ಕೆಲಸ ಸಿಕ್ಕಿದರೂ 37,000. ಅದಕ್ಕೆ ಎಷ್ಟು ಗುಂಟೆ ಬರುತ್ತೆ ಅಂತ ಓದುಗರು ಅವರವರ ಊರಿನ ಬೆಲೆ ಹಿಡಿದು ಲೆಕ್ಕ ಹಾಕಿಕೊಳ್ಳಲಿ. ಸಾಲದ್ದಕ್ಕೆ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ನೇಗಿಲು ಮುಟ್ಟದವರೂ ಹೊಲ ಕೊಳ್ಳಬಹುದು ಅಂತ ಮಾಡಿದರು. ಜಾರ್ಜ್ ಇಲ್ಲಿ ಹುಟ್ಟಿದ್ದರೆ ಕನಸು ಕಾಣೋಕೂ ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಜಾರ್ಜ್, ಲೆನಿಯರ ಬಗ್ಗೆ ಅಲ್ಲ. ಅವರು ಬಿಳಿಯರು, ಬಡವರಾದರೂ ಬಿಳಿಯರು. ಕಾದಂಬರಿಯ ನಾಲ್ಕನೇ ಅಧ್ಯಾಯದಲ್ಲಿ ಕ್ರುಕ್ಸ್ ಎಂಬ ಕಪ್ಪು ಮನುಷ್ಯನಿದ್ದಾನೆ. ಕುದುರೆ ನೋಡಿಕೊಳ್ಳುವವನು, ಬೆನ್ನು ಡೊಂಕು. ಬೇರೆ ಆಳುಗಳೆಲ್ಲ ಒಟ್ಟಿಗೆ ಮಲಗುವ ಮನೆಗೆ ಅವನಿಗೆ ಪ್ರವೇಶವಿಲ್ಲ. ಅವನು ನಾರುತ್ತಾನಂತೆ! ಲಾಯದ ಪಕ್ಕ, ಲಗಾಮು ಹಗ್ಗ ನೇತುಹಾಕುವ ಕೋಣೆಯಲ್ಲಿ ಅವನ ಬಿಡಾರ. ಕಿಟಕಿ ಕೆಳಗೆ ತಿಪ್ಪೆ. ಕೇರಿಯನ್ನು ಕಣ್ಣಿಂದ ಕಂಡವನಿಗೆ ಇದನ್ನು ಬಿಡಿಸಿ ಹೇಳಬೇಕೆ? ಒಂಟಿತನ ಇವನ ಎದೆಯೊಳಗೆ ಹುಟ್ಟಿದ್ದಲ್ಲ. ಗೋಡೆ ಕಟ್ಟಿ, ಬಾಗಿಲು ಹಾಕಿ, ಹೊರಗಿಟ್ಟು ತಯಾರು ಮಾಡಿದ ಒಂಟಿತನ. ಗುಂಪಿನ ನಡುವೆ ಇದ್ದೂ ಒಂಟಿ ಅನ್ನಿಸುವುದು ಬೇರೆ, ಗುಂಪಿನ ಹತ್ತಿರವೇ ಬಿಟ್ಟುಕೊಳ್ಳದಿರುವುದು ಬೇರೆ. ಎರಡನ್ನೂ ಒಂದೇ ಮೂಟೆಗೆ ತುಂಬಿ ಮಾನವನ ಏಕಾಕಿತನ ಅಂತ ಚೀಟಿ ಅಂಟಿಸುವುದು ಮೋಸ. 2019ರ ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರದುರ್ಗದ ಸಂಸದರಾಗಿದ್ದ ಎ. ನಾರಾಯಣಸ್ವಾಮಿಯವರನ್ನೇ ಪಾವಗಡ ತಾಲ್ಲೂಕಿನ ಒಂದು ಹಟ್ಟಿಯೊಳಗೆ ಬರಬೇಡಿ ಅಂತ ತಡೆದು ನಿಲ್ಲಿಸಿದರಲ್ಲ, ಅದು ಯಾವ ಪ್ರಜ್ಞೆಯ ಒಂಟಿತನ?

ಒಂದು ಶನಿವಾರ ರಾತ್ರಿ, ಉಳಿದವರು ಪೇಟೆಗೆ ಹೋದಾಗ, ಲೆನಿ ಮತ್ತು ಕ್ಯಾಂಡಿ ಕ್ರುಕ್ಸನ ಕೋಣೆಗೆ ಬರುತ್ತಾರೆ. ಹತ್ತು ಎಕರೆಯ ಮಾತು ಬರುತ್ತದೆ. ಮೊದಲು ಕ್ರುಕ್ಸ್ ನಗುತ್ತಾನೆ. ಎಷ್ಟು ಜನ ಆಳುಗಳು ಇದೇ ಮಾತಾಡಿದ್ದನ್ನು ಕೇಳಿದ್ದಾನೆ, ಒಬ್ಬನಿಗೂ ದಕ್ಕಿದ್ದು ನೋಡಿಲ್ಲ. ಆಮೇಲೆ ಹಣ ಅರ್ಧಕ್ಕಿಂತ ಹೆಚ್ಚು ಕೂಡಿದೆ ಅಂತ ತಿಳಿದು ಅವನೂ ಕರಗುತ್ತಾನೆ. ಏನು ಕೇಳುತ್ತಾನೆ ಗೊತ್ತೆ? ನನಗೆ ಸಂಬಳ ಬೇಡ, ಹೊಟ್ಟೆಗೆ ಹಾಕಿ ಸಾಕು, ಬಂದು ದುಡಿಯುತ್ತೇನೆ ಅನ್ನುತ್ತಾನೆ. ಬಿಳಿಯರ ಕನಸು ಜಮೀನಿನ ಒಡೆತನ. ಕಪ್ಪು ಮನುಷ್ಯನಿಗೆ ಕನಸಿನಲ್ಲಿ ಸಿಗೋದೂ ಹೊಟ್ಟೆಬಟ್ಟೆ ಜೀತವೇ! ಅವರಪ್ಪನಿಗೂ ಒಂದು ಕಾಲಕ್ಕೆ ಹತ್ತು ಎಕರೆ ಇತ್ತು ಅನ್ನೋದನ್ನ ಇದರ ಜೊತೆಗಿಟ್ಟು ಓದಿ. ಅಷ್ಟರಲ್ಲಿ ಯಜಮಾನನ ಸೊಸೆ ಬಂದು, ಬಾಯಿ ಮುಚ್ಚದಿದ್ದರೆ ಮರಕ್ಕೆ ನೇತುಹಾಕಿಸುತ್ತೇನೆ ಅಂತ ಬೆದರಿಸುತ್ತಾಳೆ. ಅವಳೂ ಒಂಟಿಯೇ, ಪಾಪ. ಕರ್ತೃ ಅವಳಿಗೊಂದು ಹೆಸರೂ ಕೊಡದೆ ಹೆಂಡತಿ ಅಂತಲೇ ಬಿಟ್ಟಿದ್ದಾನೆ. ಆದರೂ ಅವಳ ಒಂಟಿತನದ ಕೈಯಲ್ಲಿ ನೇಣಿನ ಹಗ್ಗ ಇದೆ. ಕ್ರುಕ್ಸ್ ಕುಗ್ಗಿಹೋಗಿ ತನ್ನ ಮಾತು ವಾಪಸು ತಗೊಳ್ಳುತ್ತಾನೆ.

ಇದನ್ನು ಓದುವಾಗ ನನಗೆ ಕಾರಂತರ ಚೋಮ ನೆನಪಾದ. ‘ಚೋಮನ ದುಡಿ’ 1933ರದು, ಅಮೆರಿಕದ ಪುಸ್ತಕಕ್ಕಿಂತ ನಾಲ್ಕು ವರ್ಷ ಹಿಂದಿನದು. ಚೋಮನಿಗೂ ಬೇಕಾದದ್ದು ಬೇಸಾಯಕ್ಕೊಂದು ತುಂಡು ನೆಲ. ಸಂಕಪ್ಪಯ್ಯನ ಮನಸ್ಸು ಅಲ್ಲಾಡಿದರೂ ಅವನ ತಾಯಿ ಒಪ್ಪುವುದಿಲ್ಲ, ಹೊಲೆಯನಿಗೆ ಬೇಸಾಯವೇ ಅಂತ. ಮಕ್ಕಳು ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುತ್ತಾರೆ, ಒಬ್ಬ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಲು ಹೇಸಿ ದಡದಲ್ಲಿ ನಿಂತವರು ನೋಡುತ್ತಾರೆ. ಚೋಮ ದುಡಿ ಬಡಿಯುತ್ತಲೇ ಸಾಯುತ್ತಾನೆ. ಇಬ್ಬರು ಲೇಖಕರೂ ದೊಡ್ಡವರು, ಇಬ್ಬರಿಗೂ ಮರುಕವಿತ್ತು, ನಿಜ. ಆದರೆ ಎರಡೂ ಕಡೆ ದುಡಿಯುವವನು ಸಾಯುತ್ತಾನೆ, ಒಡೆಯ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ. ಸ್ಟೈನ್‌ಬೆಕ್ ಹಿಂದಿನ ವರ್ಷವಷ್ಟೇ, 1936ರಲ್ಲಿ, ಹಣ್ಣಿನ ತೋಟದ ಕೂಲಿಗಳ ಮುಷ್ಕರದ ಮೇಲೆ ಕಾದಂಬರಿ ಬರೆದವನು. ಇಲ್ಲಿ ಮಾತ್ರ ಕನಸು ಒಡೆಯುವ ಪಾಪವನ್ನು ಏನೂ ಅರಿಯದ ಲೆನಿಯ ಕೈಗೆ ಕಟ್ಟಿ ಯಜಮಾನನನ್ನು ಬಚಾವು ಮಾಡಿಬಿಟ್ಟ. ನನ್ನ ತಕರಾರು ಇಷ್ಟೇ.

ನಮ್ಮ ಕಡೆಗೆ ಬನ್ನಿ. 1974ರಲ್ಲಿ ಉಳುವವನೇ ಹೊಲದೊಡೆಯ ಅಂತ ಕಾನೂನು ಜಾರಿಯಾಯಿತು. ಗೇಣಿದಾರರು ಡಿಕ್ಲರೇಷನ್ ಹಾಕಿದರು, ಎಷ್ಟೋ ಜನಕ್ಕೆ ನೆಲ ಬಂತು. ಒಳ್ಳೆಯದೇ. ಜೀತಕ್ಕಿದ್ದವರಿಗೆ? ಜೀತ ಮಾಡಿ ಮುಪ್ಪಾದ ನಮ್ಮ ಕಾಲೋನಿಯ ಒಬ್ಬರನ್ನು, ಯಾಕಜ್ಜ ನೀನು ಹಾಕ್ಲಿಲ್ಲ ಅಂತ ಕೇಳಿದೆ.

“ಏನಂತ ಹಾಕ್ಲಪ್ಪ? ಗೇಣಿಗೆ ಮಾಡಿದ್ದೋರು ಹಾಕಿದ್ರು. ನಾನು ಆ ಹೊಲದಾಗೆ ಎತ್ತಿದ್ದಂಗೆ ಇದ್ದೆ. ಎತ್ತು ಎಲ್ಲಾನಾ ಡಿಕ್ಲರೇಷನ್ ಹಾಕ್ತೈತಾ?”

1976ರಲ್ಲಿ ಜೀತ ರದ್ದತಿಯ ಕಾಯ್ದೆ ಬಂತು. ಜೀತದಿಂದ ಬಿಟ್ಟರು, ಎಲ್ಲಿಗೆ ಬಿಟ್ಟರು? ಬರಿಗೈಲಿ ಬೀದಿಗೆ. ಆಮೇಲೆ ಬಗರ್‌ಹುಕುಂ. ಗೋಮಾಳದ ಅಂಚಿನಲ್ಲಿ ಕಲ್ಲು ಆಯ್ದು, ಮುಳ್ಳು ಕಡಿದು ರಾಗಿ ಬಿತ್ತಿದವರು 1991ರಲ್ಲಿ ನಮೂನೆ 50, ಆಮೇಲೆ ನಮೂನೆ 53, 2018ರಿಂದ ನಮೂನೆ 57 ಅಂತ ಅರ್ಜಿ ಹಾಕುತ್ತಲೇ ಬಂದರು. ನಮ್ಮ ಜನರ ಟ್ರಂಕಿನಲ್ಲಿ ಸೀರೆಯ ಕೆಳಗೆ ಮಡಿಸಿಟ್ಟ ಆ ಚೀಟಿಗಳೇ ನಮ್ಮ ಮೊಲದ ಕನಸು. ಇಲಿ ತಿಂದಿವೆ, ಮಡಿಕೆಯಲ್ಲಿ ಹರಿದಿವೆ, ಬಿಸಾಕೋಕೆ ಮನಸ್ಸು ಬರಲ್ಲ.

ಸ್ನೇಹದ ಮಾತೂ ಇಷ್ಟೇ. ನಮ್ಮ ಬಯಲುಸೀಮೆಯಲ್ಲಿ ಮುಯ್ಯಾಳು ಅಂತ ಇದೆ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿಲ್ಲದ, ಒಡೆಯನಿಲ್ಲದ ಗೆಳೆತನ. ಆದರೆ ಮುಯ್ಯಿಗೆ ಹೋಗೋಕೆ ನಿನಗೊಂದು ಹೊಲ ಇರಬೇಕಲ್ಲ! ಇಲ್ಲದವನು ಯಾರ ಹೊಲಕ್ಕೆ ಕರೆದಾನು? ಅವನು ಕೂಲಿಗೇ ಹೋಗಬೇಕು, ಇಲ್ಲಾ ಘಟ್ಟದ ಕಾಫಿ ತೋಟಕ್ಕೆ, ಬೆಂಗಳೂರಿನ ಗಾರೆ ಕೆಲಸಕ್ಕೆ ಹೋಗಬೇಕು. ತಗಡಿನ ಶೆಡ್ಡಿನಲ್ಲಿ ಪಕ್ಕದಲ್ಲಿ ಮಲಗಿದವನ ಹೆಸರು ತಿಳಿಯೋ ಹೊತ್ತಿಗೆ ಬಿಲ್ಡಿಂಗ್ ಮುಗಿದಿರುತ್ತೆ. ಇಬ್ಬರೇ ಗೆಳೆಯರಾದರೆ ಜಾರ್ಜ್ ಲೆನಿಯರ ಗತಿಯೇ. ಇದನ್ನು ಕಂಡುಕೊಂಡೇ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅವರು ಹುಟ್ಟಿದ್ದು ಹರಿಹರದಲ್ಲಿ. ಆಗ ಅದು ನಮ್ಮ ಚಿತ್ರದುರ್ಗ ಜಿಲ್ಲೆಯೇ. ಭೂಮಿ ಕೇಳಲು ಕಚೇರಿ ಮುಂದೆ ಸಾಲಾಗಿ ಕೂತವರ ನಡುವೆ ಹುಟ್ಟಿದ ಗೆಳೆತನ ಯಾವ ಗೈಡಿನಲ್ಲೂ ಇಲ್ಲ. ಆ ಸಮಿತಿಯೂ ಮುಂದೆ ಬಣಬಣವಾಗಿ ಒಡೆಯಿತು ಅನ್ನೋದು ಬೇರೆ ಸಂಕಟ. ಅದನ್ನು ಬರೆಯೋಕೆ ಬೇರೆಯದೇ ಲೇಖನ ಬೇಕು.

ಕ್ರುಕ್ಸನ ಕಪಾಟಿನಲ್ಲಿ ಒಂದು ಪುಸ್ತಕ ಇದೆ. 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕಾನೂನು, ಓದಿ ಓದಿ ಹರಿದದ್ದು. ಆ ಹೆಂಗಸು ಹಗ್ಗದ ಮಾತಾಡಿದಾಗ ಅದು ಅಲ್ಲೇ ಇತ್ತು. ಈ ಸಲ ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರಿಗೆ ನನ್ನದೊಂದು ಸಲಹೆ. ಏಕಾಂಗಿತನದ ಮೇಲೆ ಟಿಪ್ಪಣಿ ಬೇಡ. ಹೀಗೆ ಕೇಳಿ: ಆ ಪುಸ್ತಕ ಕ್ರುಕ್ಸನ ಉಪಯೋಗಕ್ಕೆ ಯಾಕೆ ಬರಲಿಲ್ಲ? ಹತ್ತು ಅಂಕ.