ಕೋಡಿನ ಹೊಳಪು: ಎಲ್ಲಿ ಬೇಕು, ಎಲ್ಲಿ ಬೇಡ



ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ತೋಟ, ಟ್ರ್ಯಾಕ್ಟರು ಹೆಚ್ಚಿದಂತೆ ಎತ್ತಿನ ಕೆಲಸ ಕಡಿಮೆಯಾಗಿದೆ. ರಾಜ್ಯದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 95 ಲಕ್ಷವಿದ್ದ ದನಗಳು 2019ರಲ್ಲಿ ಸುಮಾರು 85 ಲಕ್ಷಕ್ಕೆ ಇಳಿದವು. 1964ರ ಕಾಯ್ದೆಯಂತೆ 12 ವರ್ಷ ದಾಟಿದ ಎತ್ತನ್ನು ಪ್ರಮಾಣಪತ್ರದ ಮೇಲೆ ವಧೆಗೆ ಕೊಡಬಹುದಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಆ ದಾರಿ ಮುಚ್ಚಿತು. ಮುದಿ ಎತ್ತನ್ನು ಕೊನೆಯವರೆಗೆ ಸಾಕುವ ಹೊರೆ ರೈತನದಾಯಿತು. ಸತ್ತ ಮೇಲೆ ಕೋಡೂ ಮಣ್ಣುಪಾಲು.

ಉತ್ತರ ಪ್ರದೇಶದ ಸಂಭಲ್ ಜಿಲ್ಲೆಯಲ್ಲಿ ಕೋಡಿನಿಂದ ಕರಕುಶಲ ವಸ್ತುಗಳು ತಯಾರಾಗುತ್ತವೆ. ಅಲ್ಲಿನ ಸರಕಾರ 'ಒಂದು ಜಿಲ್ಲೆ, ಒಂದು ಉತ್ಪನ್ನ' ಯೋಜನೆಗೆ ಇದೇ ಕಸುಬನ್ನು ಆರಿಸಿದೆ. ನಾವಾದರೋ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ, ಕಾರ ಹುಣ್ಣಿಮೆಗೆ ಜೀವಂತ ಎತ್ತಿನ ಕೋಡನ್ನೇ ಹೆರೆಯುತ್ತೇವೆ.

ಕೋಡಿನ ಹೊರಪದರ ಉಗುರಿನಂತೆ ನಿರ್ಜೀವ. ಆದರೆ ಅದರೊಳಗೆ ರಕ್ತ, ನರಗಳುಳ್ಳ ಎಲುಬಿದೆ. ಅತಿಯಾಗಿ ಹೆರೆದರೆ ಪದರ ತೆಳ್ಳಗಾಗಿ ಸೀಳುತ್ತದೆ, ಕೀವಾಗುತ್ತದೆ. ಕೋಡಿನ ಕ್ಯಾನ್ಸರಿಗೂ ಇಂಥ ಪದೇ ಪದೇ ಉಜ್ಜಾಟ ಒಂದು ಕಾರಣವಿರಬಹುದೆಂದು ಪಶುವೈದ್ಯರು ಭಾವಿಸುತ್ತಾರೆ. ಎತ್ತು ತಲೆ ಕೊಡವುವುದು, ಕೋಡು ಒಂದು ಕಡೆ ವಾಲುವುದು, ಅದೇ ಬದಿಯ ಮೂಗಿನಲ್ಲಿ ರಕ್ತ ಸೋರುವುದು ಇದರ ಲಕ್ಷಣಗಳು. ಕಂಡ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ತಡವಾದರೆ ಶಸ್ತ್ರಚಿಕಿತ್ಸೆಯೂ ಫಲಿಸದು.

ಹೊಳಪು ಕೊಡುವ ಆಸೆಯಿದ್ದರೆ ಸಹಜವಾಗಿ ಸತ್ತ ದನದ ಕೋಡನ್ನು ಬಳಸಿರಿ. ಒಳಗಿನ ಎಲುಬು ಸಡಿಲವಾಗುವವರೆಗೆ ಕೆಲವು ವಾರ ನೀರಿನಲ್ಲಿ ನೆನೆಸಿರಿ. ಬಳಿಕ ಮನೆಯ ಹೊರಗೆ ಸುಮಾರು ಒಂದು ತಾಸು ಕುದಿಸಿ ಎಲುಬನ್ನು ಎಳೆದು ತೆಗೆಯಿರಿ. ನೆರಳಿನಲ್ಲಿ ಒಣಗಿಸಿರಿ, ಬಿಸಿಲಿಗಿಟ್ಟರೆ ಬಿರಿಯುತ್ತದೆ. ಒರಟು ಪದರವನ್ನು ಅರದಿಂದ ತೆಗೆದು 80, 120, 220, 400 ನಂಬರಿನ ಮರಳು ಕಾಗದದಿಂದ ಕ್ರಮವಾಗಿ ತಿಕ್ಕಿರಿ. ಕೊನೆಗೆ ಜೇನುಮೇಣ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ಗಾಜಿನಂತೆ ಹೊಳೆಯುತ್ತದೆ. ತಿಕ್ಕುವಾಗ ಧೂಳು ಒಳಹೋಗದಂತೆ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ.

ಒಂದು ಎಚ್ಚರಿಕೆ. ದನ ದಿಢೀರನೆ ಸತ್ತು ಮೂಗು, ಬಾಯಿ, ಗುದದಿಂದ ರಕ್ತ ಸೋರಿದ್ದರೆ ನೆರಡಿ ರೋಗವಿರಬಹುದು. ಅದರ ಹೆಣವನ್ನು ಮುಟ್ಟಬೇಡಿರಿ, ಕೊಯ್ಯಬೇಡಿರಿ, ಪಶುವೈದ್ಯರಿಗೆ ತಿಳಿಸಿರಿ. ಈ ರೋಗ ಮನುಷ್ಯರಿಗೂ ತಗಲುತ್ತದೆ. ಸಾವಿನ ಕಾರಣ ತಿಳಿಯದ ದನದ ಕೋಡು ಯಾವ ಬೆಲೆಗೂ ಬೇಡ.

ಒಂದೆರಡು ಕೋಡಿನಿಂದ ಸಂಸಾರ ಸಾಗದು, ನಿಜ. ಬಿಡುವಿನ ದಿನಗಳಲ್ಲಿ ನಾಲ್ಕಾರು ಯುವಕರು ಕೂಡಿ ಕಲಿತರೆ ಕೈಗೊಂದು ಕಸುಬಾದೀತು. ಜೀವಂತ ಎತ್ತಿನ ಕೋಡಿಗೆ ಮಾತ್ರ ಎಣ್ಣೆ ಸವರಿದರೆ ಸಾಕು. ದುಡಿಯುವ ಎತ್ತು ಉಳಿದರೆ ಅದೇ ಜಾತ್ರೆಯ ಶೋಭೆ.